ಎಡಗಡೆಯ ಬ್ರೇಕು

12 ಜನವರಿ 2006, ಗುರುವಾರ

ಬರೆಯಬೇಕಂತೆ. ನಲವತ್ತೆಂಟು ವರ್ಷದ ಗಂಡಸು, ಕೊಪ್ಪದ ಷಡಕ್ಷರಿ ಡ್ರೈವಿಂಗ್ ಸ್ಕೂಲಿಗೆ ಮಾಲೀಕ, ಮೇಷ್ಟ್ರು, ಗುಮಾಸ್ತ ಎಲ್ಲವೂ ಆಗಿರುವ ಷಡಕ್ಷರಿ ಎಂಬ ನಾನು ಕೂತು ಡೈರಿ ಬರೆಯಬೇಕಂತೆ. "ಯಾರಿಗೂ ತೋರಿಸ್ಬೇಡಿ, ನನಗೂ ತೋರಿಸ್ಬೇಡಿ. ಹೆದರಿಕೆ ಯಾವಾಗಾಯ್ತು, ಎಷ್ಟಾಯ್ತು ಅಂತ ನಿಮಗೋಸ್ಕರ ಬರೀರಿ" ಅಂದರು ಸುಲೋಚನಮ್ಮ. ಇವರು ಶಿವಮೊಗ್ಗದಿಂದ ಗುರುವಾರ ಗುರುವಾರ ಬಂದು ನರ್ಸಿಂಗ್ ಹೋಮಿನ ಮಹಡಿಯ ರೂಮಿನಲ್ಲಿ ಕೂರುವ ಕೌನ್ಸೆಲರ್. ಮಾತ್ರೆಯಿಲ್ಲ, ಇಂಜೆಕ್ಷನ್ ಇಲ್ಲ, ಬರೀ ಮಾತು. ಮೆಟ್ಟಿಲ ಹತ್ತಿರ ಯಾರಾದರೂ ಸಿಕ್ಕಿದರೆ ಬಿ.ಪಿ. ತೋರಿಸಲಿಕ್ಕೆ ಬಂದೆ ಅನ್ನಬೇಕೆಂದು ಮನೆಯಲ್ಲೇ ತಯಾರಾಗಿ ಹೋಗಿದ್ದೆ. ಯಾರೂ ಕೇಳಲಿಲ್ಲ.

ಆದದ್ದು ಇಷ್ಟು. ಜನವರಿ ಮೂರನೇ ತಾರೀಕು ಬೆಳಿಗ್ಗೆ, ಪಕ್ಕದ ನಾರ್ವೆ ಹಳ್ಳಿಯಿಂದ ಒಬ್ಬ ಶಿಷ್ಯನನ್ನು ಕರೆತರಲು ಸ್ಕೂಲಿನ ಮಾರುತಿ ತೆಗೆದುಕೊಂಡು ಒಬ್ಬನೇ ಹೊರಟೆ. ಕಣ್ಣು ಕಟ್ಟಿಕೊಂಡು ಹೋಗಬಲ್ಲ ರಸ್ತೆ. ಒಂದು ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಅಂಗೈ ಒದ್ದೆಯಾಗಿ ಸ್ಟೀರಿಂಗು ಜಾರಿತು, ಉಸಿರು ಕತ್ತಿನಲ್ಲೇ ನಿಂತಿತು. ಸತ್ತೆ ಅಂದುಕೊಂಡೆ. ಗಾಡಿಯನ್ನು ಚರಂಡಿ ಪಕ್ಕಕ್ಕೆ ಹಾಕಿ, ಬಾಗಿಲನ್ನೂ ಮುಚ್ಚದೆ, ಊರಿಗೆ ನಡೆದುಕೊಂಡು ಬಂದೆ. ಡಾಕ್ಟರು ಇಸಿಜಿ ತೆಗೆದು, "ನಿಮ್ಮ ಹಾರ್ಟಿಗೆ ಎಂತದೂ ಆಗಿಲ್ಲ ಮಾರಾಯ್ರೆ, ಮೇಲೆ ಹೋಗಿ ಸುಲೋಚನಮ್ಮನ್ನ ನೋಡಿ" ಅಂದರು. ಹಾರ್ಟಿಗೆ ಏನೂ ಆಗಿಲ್ಲ ಅಂದರೆ ಖುಷಿಪಡಬೇಕಲ್ಲ? ನನಗೆ ಸಿಡಿಲು ಬಡಿದ ಹಾಗಾಯಿತು. ಹಾಗಾದರೆ ಆಗಿರುವುದು ಎಲ್ಲಿ?

ಗಾಡಿಯನ್ನು ಬೇರೆಯವರ ಕೈಲಿ ತರಿಸಿ ಶೆಡ್ಡಿಗೆ ಹಾಕಿಸಿದೆ. ಅವತ್ತಿನಿಂದ ಕಾರು ಹತ್ತಿಲ್ಲ. ಶಿಷ್ಯರಿಗೆ ಕ್ಲಚ್ ಪ್ಲೇಟ್ ಹೋಗಿದೆ ಅಂತ ಸುಳ್ಳು ಹೇಳಿದ್ದೇನೆ. ಡ್ರೈವಿಂಗ್ ಕಲಿಸುವವನಿಗೇ ಡ್ರೈವಿಂಗ್ ಭಯ ಅಂತ ಊರಿಗೆ ಗೊತ್ತಾದರೆ ಬೋರ್ಡು ಇಳಿಸಿ ಮನೆಯಲ್ಲಿ ಕೂರಬೇಕಷ್ಟೆ.

"ಈಚೆಗೆ ಏನಾದ್ರೂ ಆಕ್ಸಿಡೆಂಟ್ ಆಗಿತ್ತಾ?" ಅಂತ ಕೇಳಿದರು. ನನಗಾ? ಹತ್ತೊಂಬತ್ತು ವರ್ಷದಲ್ಲಿ ನನ್ನ ಗಾಡಿ ಒಂದು ಕೋಳಿಗೂ ತಾಗಿಲ್ಲ ಅಂದೆ. ಶಿಷ್ಯೆಯೊಬ್ಬಳ ಓಮ್ನಿ ಡಿಸೆಂಬರಿನಲ್ಲಿ ಗದ್ದೆಗೆ ಬಿತ್ತು, ಆದರೆ ಅದು ಮೆಕ್ಯಾನಿಕ್ಕನ ತಪ್ಪು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದೆ. ಅವರು ಏನೋ ಬರೆದುಕೊಂಡರು. ಸಂಬಂಧವಿಲ್ಲ ಅಂದಮೇಲೆ ಬರೆದುಕೊಳ್ಳುವುದೇನು?

14 ಜನವರಿ, ಶನಿವಾರ

ಹೋಂವರ್ಕ್: ನಿಂತ ಕಾರಿನಲ್ಲಿ, ಇಂಜಿನ್ ಆಫ್ ಮಾಡಿ, ಡ್ರೈವರ್ ಸೀಟಿನಲ್ಲಿ ಹತ್ತು ನಿಮಿಷ ಕೂರುವುದು. ಹೆದರಿಕೆಗೆ ನೂರಕ್ಕೆ ಎಷ್ಟು ಅಂತ ಮಾರ್ಕ್ಸ್ ಹಾಕುವುದು. ಎದ್ದು ಓಡಬಾರದು, ಅದು ತಾನಾಗಿ ಇಳಿಯುವವರೆಗೆ ಕಾಯಬೇಕು.

ಹಾಕಿದ ಮಾರ್ಕ್ಸ್ ನೋಡಿ ನನಗೇ ನಂಬಲಾಗುತ್ತಿಲ್ಲ. ಎಪ್ಪತ್ತು. ಶೆಡ್ಡಿನಲ್ಲಿ ನಿಂತ ಗಾಡಿಗೆ!

ಸಂಕ್ರಾಂತಿಯಲ್ಲವೆ, ವನಜ ಕಾರಿನ ಕಿಟಕಿಗೇ ಎಳ್ಳುಬೆಲ್ಲ ತಂದುಕೊಟ್ಟಳು. "ಎಲ್ಲಿಗೆ ಹೊರಟ್ರಿ?" ಅಂತ ಕೇಳಿ ತಾನೇ ನಕ್ಕಳು. ಹೆಂಡತಿಯಾದವಳು ನಗಬಾರದಿತ್ತು. ಹತ್ತು ನಿಮಿಷ ಮುಗಿಯುವ ಹೊತ್ತಿಗೆ ಐವತ್ತಕ್ಕೆ ಇಳಿದಿತ್ತು. ಬೆಲ್ಲ ತಿಂದದ್ದಕ್ಕೂ ಇರಬಹುದು.

19 ಜನವರಿ, ಗುರುವಾರ

ಸುಲೋಚನಮ್ಮ ಬಿಡುವ ಹೆಂಗಸಲ್ಲ. ಓಮ್ನಿ ಬಿದ್ದ ಕತೆಯನ್ನು ಪೂರ್ತಿ ಹೇಳಿಸಿದರು.

ಹೇಳಿದೆ. ನಸ್ರೀನ್ ಎನ್.ಆರ್. ಪುರದಲ್ಲಿ ಟೀಚರು. ಮಾವ ಗುಲಾಮ್ ಹುಸೇನರಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ, ಅತ್ತೆ ಅಮೀರುನ್ನೀಸಾ. ಮನೆಗೆ ಹಳೆಯ ಓಮ್ನಿ ತೆಗೆದುಕೊಂಡರು. ನಸ್ರೀನ್ ನನ್ನ ಹತ್ತಿರ ಸ್ಕೂಲಿನ ಮಾರುತಿಯಲ್ಲಿ ಒಂದು ತಿಂಗಳು ಕಲಿತಳು, ನವೆಂಬರಿನ ಲೈಸೆನ್ಸ್ ಕ್ಯಾಂಪಿನಲ್ಲಿ ಒಂದೇ ಸಲಕ್ಕೆ ಪಾಸಾದಳು. ಟೆಸ್ಟಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ ಕೂತಿರುತ್ತಾರೆ, ನಾನು ಎಂದಿನಂತೆ ಅವಳ ಪಕ್ಕ. "ಈ ಮೇಡಮ್ಮಿನ ಬ್ರೇಕಿಂಗ್ ಎಷ್ಟು ನಯ" ಅಂತ ಅವರು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಡಿಸೆಂಬರ್ ಹದಿನೆಂಟು, ಭಾನುವಾರ, ಅತ್ತೆಯನ್ನು ಕೂರಿಸಿಕೊಂಡು ಕೊಪ್ಪದಿಂದ ಎನ್.ಆರ್. ಪುರಕ್ಕೆ ಹೊರಟವಳು ಇಳಿಜಾರಿನ ತಿರುವಿನಲ್ಲಿ ತಿರುಗದೆ ನೇರ ಗದ್ದೆಗೆ ಇಳಿದಳು. ಅವಳ ಕೈಗೆ ಗಾಯ, ಅತ್ತೆಯ ತೊಡೆಯ ಮೂಳೆ ಮುರಿಯಿತು.

ನನಗೆ ಫೋನ್ ಬಂತು, ಜೀಪು ಹಿಡಿದು ಹೋದೆ. ಓಮ್ನಿಯ ಮೂತಿ ಅಪ್ಪಚ್ಚಿಯಾಗಿತ್ತು, ಕಲ್ಲಿನ ಮೇಲೆ ಬ್ರೇಕ್ ಆಯಿಲ್ ಚೆಲ್ಲಿತ್ತು. ನೋಡಿದ ಕೂಡಲೇ ಎಲ್ಲರ ಎದುರು ಹೇಳಿದೆ, ಬ್ರೇಕ್ ಫೇಲ್ ಅಂತ. ಒಂದು ವಾರದ ಹಿಂದೆ ಮುಸವ್ವಿರ್ ಅದಕ್ಕೆ ಹೊಸ ಬ್ರೇಕ್ ಶೂ ಹಾಕಿದ್ದ. ಮುಸವ್ವಿರ್ ಕೊಪ್ಪದಲ್ಲಿ ಗ್ಯಾರೇಜ್ ಇಟ್ಟಿರುವ ಹುಡುಗ, ಗುಲಾಮ್ ಹುಸೇನರ ತಂಗಿಯ ಮಗನೇ. ಮಾವ ಅವತ್ತಿನಿಂದ ಅಳಿಯನ ಮುಖ ನೋಡಿಲ್ಲ.

"ನಸ್ರೀನ್ ಏನಂದ್ರು?" ಅಂತ ಸುಲೋಚನಮ್ಮ.

ಅವಳೇನು ಹೇಳುತ್ತಾಳೆ, ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಳು. "ಯಾವಾಗಿನ ಹಂಗೇ ತುಳಿದೆ ಸರ್. ಪೆಡಲ್ ಗಟ್ಟಿ ಇತ್ತು, ಕೆಳಗೆ ಹೋಗ್ಲೇ ಇಲ್ಲ" ಅಂದಳು. ಗಾಬರಿಯಲ್ಲಿ ಏನೋ ಹೇಳುತ್ತಿದ್ದಾಳೆ ಅಂತ ಸಮಾಧಾನ ಮಾಡಿ ಬಂದೆ.

ಸುಲೋಚನಮ್ಮ ಮತ್ತೆ ಬರೆದುಕೊಂಡರು. ಈ ಸಲ ಉದ್ದಕ್ಕೆ.

22 ಜನವರಿ, ಭಾನುವಾರ

ಇಂಜಿನ್ ಸ್ಟಾರ್ಟ್ ಮಾಡಿ ಕೂತೆ. ಅರವತ್ತು. ಆಮೇಲೆ ನಲವತ್ತು.

ಸಂಜೆ ಮುಸವ್ವಿರ್ ಗ್ಯಾರೇಜಿನ ಮುಂದೆ ನಡೆದು ಹೋದೆ. ಮೊದಲು ರಸ್ತೆಯವರೆಗೂ ಗಾಡಿಗಳು ನಿಂತಿರುತ್ತಿದ್ದವು. ಇವತ್ತು ಒಂದು ಟಿಲ್ಲರ್ ಮಾತ್ರ. ಅವನು ಸ್ಟೂಲಿನ ಮೇಲೆ ಕೂತು ಸ್ಪ್ಯಾನರುಗಳನ್ನು ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ನನ್ನನ್ನು ನೋಡಿ ಎದ್ದು ಒಳಗೆ ಹೋದ. ಹೋಗಲಿ, ಕೆಲಸ ಸರಿಯಾಗಿ ಮಾಡಿದ್ದರೆ ಈ ಪಾಡು ಯಾಕೆ ಬರುತ್ತಿತ್ತು? ಆದರೂ ಅವನ ಅಂಗಡಿ ಅಷ್ಟು ಖಾಲಿಯಾಗಿರುತ್ತದೆ ಅಂದುಕೊಂಡಿರಲಿಲ್ಲ.

27 ಜನವರಿ, ಶುಕ್ರವಾರ

ಮನೆಯಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಮನೆಗೆ. ಎರಡು ಸಲ. ಐವತ್ತೈದು, ನಲವತ್ತು.

ಹೋಗುವಾಗ ಮೂಗಿನಿಂದ ನಿಧಾನ ಉಸಿರು ಎಳೆದು ಬಾಯಿಂದ ಬಿಡಬೇಕು. ಕಿಟಕಿಯಿಂದ ನೋಡಿದವರೊಬ್ಬರು "ಏನ್ ಮೇಷ್ಟ್ರೇ, ಬಾಯಿ ಸುಟ್ಕೊಂಡ್ರಾ?" ಅಂದರು.

5 ಫೆಬ್ರುವರಿ, ಭಾನುವಾರ

ಇವತ್ತು ಆದದ್ದನ್ನು ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ವನಜಳನ್ನು ಕೂರಿಸಿಕೊಂಡು ಶೃಂಗೇರಿಗೆ ಹೋಗಿಬರುವುದು ಸುಲೋಚನಮ್ಮನ ಹೋಂವರ್ಕಿನಲ್ಲಿ ಈ ವಾರದ ಮೆಟ್ಟಿಲು. ಹೋಗುವಾಗ ಪರವಾಗಿಲ್ಲ. ದೇವಸ್ಥಾನ ನೋಡಿ, ಮೀನಿಗೆ ಪುರಿ ಹಾಕಿ, ಊಟ ಮಾಡಿ, ಧೈರ್ಯವಾಗಿಯೇ ಹೊರಟೆ. ಶೃಂಗೇರಿ ದಾಟಿ ಒಂದೈದು ಕಿಲೋಮೀಟರು ಬಂದಿರಬೇಕು, ಇಳಿಜಾರು ಸಿಕ್ಕಿತು. ಎದುರಿಗೆ ಯಾತ್ರಿಕರ ಟೆಂಪೋ, ಹಿಂದೆ ಪ್ರೈವೇಟ್ ಬಸ್ಸಿನ ಹಾರನ್ನು. ಕಾಲು ಬ್ರೇಕಿನ ಮೇಲೆ ಕೂತಿತು. ಕೂತದ್ದು ಏಳಲಿಲ್ಲ. ಗಾಡಿ ರಸ್ತೆಯ ನಡುವೆ ನಿಂತಿತು, ನಾನು ಸ್ಟೀರಿಂಗು ಹಿಡಿದುಕೊಂಡೇ ಇದ್ದೆ. ವನಜ "ರೀ, ರೀ" ಅನ್ನುತ್ತಿದ್ದದ್ದು ಎಲ್ಲೋ ದೂರದಿಂದ ಕೇಳುತ್ತಿತ್ತು. ನೂರಕ್ಕೆ ನೂರು.

ಬಸ್ಸಿನ ಕಂಡಕ್ಟರ್ ಇಳಿದು ಬಂದ. ಯಶವಂತ! ಮೂರು ವರ್ಷದ ಹಿಂದೆ ನನ್ನ ಹತ್ತಿರವೇ ಲೈಸೆನ್ಸ್ ಮಾಡಿಸಿದವನು. "ಎಂತ ಸಾರ್, ಹುಷಾರಿಲ್ವಾ? ಆಚೆ ಸರೀರಿ, ನಾನು ಸೈಡಿಗೆ ಹಾಕ್ತೆ" ಅಂದ. ನಾನು ಇಳಿದು ಪಕ್ಕಕ್ಕೆ ನಿಂತೆ. ಅವನು ಕೂತು ಸ್ಟಾರ್ಟ್ ಮಾಡಿದ, ಗಾಡಿ ಕುಪ್ಪಳಿಸಿ ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ನಗತೊಡಗಿದರು. ಅವನ ಮುಖ ಕೆಂಪಾಯಿತು.

"ಲೈಸೆನ್ಸ್ ಬಂದ್ಮೇಲೆ ಮುಟ್ಟೇ ಇಲ್ಲ ಸಾರ್. ನೀವು ಪಕ್ಕದಲ್ಲಿದ್ರೆ ಆರಾಮಾಗಿ ಓಡ್ತಿತ್ತು. ಆಮೇಲೆ ಭಾವನ ಕಾರು ಒಂದ್ಸಲ ತಗೊಂಡೆ, ಗೋಡೆಗೆ ಹೋಯ್ತು. ಅವತ್ತೇ ಬಿಟ್ಟೆ."

ಕೊನೆಗೆ ಬಸ್ಸಿನ ಡ್ರೈವರೇ ಬಂದು ನನ್ನ ಗಾಡಿಯನ್ನು ಬದಿಗೆ ಹಾಕಿಕೊಟ್ಟ. ನಾವಿಬ್ಬರೂ ಅದೇ ಬಸ್ಸು ಹತ್ತಿ ಬಂದೆವು. ಕೊಪ್ಪದ ಡ್ರೈವಿಂಗ್ ಮೇಷ್ಟ್ರು ಲೇಡೀಸ್ ಸೀಟಿನ ಪಕ್ಕ ನಿಂತುಕೊಂಡು ಬಂದ. ಟಿಕೆಟ್ ಕೊಡುವಾಗ ಯಶವಂತ ನನ್ನ ಮುಖ ನೋಡಲಿಲ್ಲ, ನಾನು ಅವನದ್ದು ನೋಡಲಿಲ್ಲ. ಇನ್ನು ಊರಿಗೆಲ್ಲ ಗೊತ್ತು.

9 ಫೆಬ್ರುವರಿ, ಗುರುವಾರ

ನೂರು ಬಿದ್ದದ್ದಕ್ಕೆ ಬೈಯುತ್ತಾರೆ ಅಂದುಕೊಂಡಿದ್ದೆ. ಸುಲೋಚನಮ್ಮ ಅದನ್ನು ಹಿಡಿದುಕೊಳ್ಳಲೇ ಇಲ್ಲ. ಯಶವಂತನ ಮಾತನ್ನು ಹಿಡಿದುಕೊಂಡರು. "ನೀವು ಪಕ್ಕದಲ್ಲಿದ್ರೆ ಓಡ್ತಿತ್ತು ಅಂದ್ರಲ್ಲ, ಅದು ಯಾಕೆ?"

ಧೈರ್ಯ ಮೇಡಂ, ಗುರು ಪಕ್ಕದಲ್ಲಿದ್ದರೆ ಧೈರ್ಯ ಅಂದೆ. ಅದೇ ಗುಂಗಿನಲ್ಲಿ ನಮ್ಮ ಗಾಡಿಯ ವಿಶೇಷವನ್ನೂ ವಿವರಿಸಿದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಮೇಷ್ಟ್ರ ಕಾಲಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಎರಡೂ ಕಡೆಯ ಪೆಡಲಿಗೆ ಒಂದೇ ಕಬ್ಬಿಣದ ಸರಳಿನ ಸಂಪರ್ಕ. ನಾನು ತುಳಿದರೆ ಶಿಷ್ಯನ ಕಾಲಿನ ಕೆಳಗಿನ ಪೆಡಲೂ ಇಳಿಯುತ್ತದೆ. ಅಪಾಯ ಕಂಡಾಗ ಮಾತ್ರ ಬಳಸುವಂಥದ್ದು.

"ಅಪಾಯ ಕಂಡಾಗ ಮಾತ್ರಾನಾ?"

ಮಾತ್ರ ಅಂದೆ.

"ಮುಂದಿನ ಗುರುವಾರ ನಾನು ಓಡಿಸ್ತೀನಿ. ನೀವು ಎಡಗಡೆ ಕೂತ್ಕೊಳ್ಳಿ" ಅಂದರು. ಅವರಿಗೆ ಶಿವಮೊಗ್ಗದಲ್ಲಿ ಸ್ವಂತ ಕಾರಿದೆಯಂತೆ, ಹತ್ತು ವರ್ಷದಿಂದ ಓಡಿಸುತ್ತಾರಂತೆ. ನನಗೆ ನಗು ಬಂತು. ಕಾಯಿಲೆ ನನ್ನದು, ಡ್ರೈವಿಂಗ್ ಕ್ಲಾಸು ಅವರಿಗೆ.

16 ಫೆಬ್ರುವರಿ, ಗುರುವಾರ

ಶೃಂಗೇರಿ ರಸ್ತೆಯಲ್ಲಿ ಬಿಟ್ಟ ಮಾರುತಿಯನ್ನು ಬಾಡಿಗೆ ಡ್ರೈವರನ ಕೈಲಿ ತರಿಸಿದ್ದೆ. ಅದನ್ನು ಸುಲೋಚನಮ್ಮ ಓಡಿಸಿದರು, ನಾನು ಎಡಗಡೆ ಕೂತೆ. ನಾರ್ವೆ ರಸ್ತೆ. ನನ್ನ ಮಾಮೂಲಿ ಜಾಗವಾದ್ದರಿಂದ ಇಪ್ಪತ್ತೇ ಮಾರ್ಕ್ಸ್. ಅವರು ಕೈ ಗಟ್ಟಿ ಇರುವ ಡ್ರೈವರು. ಒಂದು ತಿರುವು, ಗಾಡಿ ನಿಧಾನವಾಯಿತು. ಒಂದು ದನ ಅಡ್ಡ ಬಂತು, ಗಾಡಿ ನಿಂತಿತು. ಇಳಿಜಾರು ಮುಗಿಯುವ ಹೊತ್ತಿಗೆ ರಸ್ತೆ ಬದಿಗೆ ಹಾಕಿ ಕೇಳಿದರು, "ಈಗ ಎಷ್ಟು ಸಲ ಬ್ರೇಕ್ ಹಾಕಿದ್ರಿ?"

"ನಾನಾ? ನಾನೆಲ್ಲಿ ಹಾಕಿದೆ? ನೀವೇ ಹಾಕಿದ್ದು."

"ನಾನು ಒಂದ್ಸಲಾನೂ ಹಾಕ್ಲಿಲ್ಲ ಷಡಕ್ಷರಿಯವರೇ. ಪೆಡಲ್ ಮೇಲೆ ಕಾಲು ಇಟ್ಕೊಂಡಿದ್ದೆ ಅಷ್ಟೆ. ಅದು ತಾನಾಗಿ ಕೆಳಗೆ ಹೋಗ್ತಿತ್ತು."

ಬಗ್ಗಿ ನೋಡಿದೆ. ನನ್ನ ಬಲಗಾಲು ಎಡಗಡೆಯ ಬ್ರೇಕಿನ ಮೇಲಿತ್ತು. ಯಾವಾಗ ಹೋಗಿ ಕೂತಿತ್ತೋ ದೇವರಾಣೆ ಗೊತ್ತಿಲ್ಲ.

"ಕಾಲು ಎರಡೂ ಸೀಟಿನ ಮೇಲೆ ತಗೊಳ್ಳಿ. ಊಟಕ್ಕೆ ಕೂರೋ ಹಾಗೆ" ಅಂದರು. ಚಪ್ಪಲಿ ಕಳಚಿ ಚಕ್ಕಳಮಕ್ಕಳ ಹಾಕಿ ಕೂತೆ. ಗಾಡಿ ಹೊರಟಿತು. ಮುಂದಿನ ಇಳಿಜಾರಿಗೆ ಎಂಬತ್ತು, ತಿರುವಿಗೆ ನೂರು. ತಿರುವು ಹತ್ತಿರ ಬರುತ್ತಿದೆ, ಗಾಡಿ ಇನ್ನೂ ಓಡುತ್ತಿದೆ, ಬ್ರೇಕ್ ಬ್ರೇಕ್ ಅಂತ ಕೂಗಿದೆ. ಆಗ ಅವರು ಜೋರಾಗಿ ತುಳಿದರು, ಗಾಡಿ ನಿಂತಿತು. ಅವರೂ ಬೆವರಿದ್ದರು.

"ಅಯ್ಯೋ, ನಾನೇ ಮೋಸ ಹೋದೆ. ಈಗ ತಾನೆ ಹಗುರಕ್ಕೆ ನಿಂತಿತ್ತಲ್ಲ ಅಂತ ಹಗುರಕ್ಕೇ ತುಳಿದೆ. ಗಟ್ಟಿ ಇದೆ ನಿಮ್ಮ ಪೆಡಲ್ಲು."

ಗಟ್ಟಿ ಇದೆ.

ನಸ್ರೀನ್ ಹೇಳಿದ್ದು ಅದನ್ನೇ ಅಲ್ಲವೆ? ಪೆಡಲ್ ಗಟ್ಟಿ ಇತ್ತು, ಕೆಳಗೆ ಹೋಗಲೇ ಇಲ್ಲ. ಬ್ರೇಕ್ ಫೇಲ್ ಆದರೆ ಪೆಡಲ್ ಗಟ್ಟಿ ಇರುವುದಿಲ್ಲ, ಕಾಲಿಟ್ಟರೆ ನೆಲಕ್ಕೆ ಹೋಗುತ್ತದೆ. ಇದು ಗ್ಯಾರೇಜಿನ ಕ್ಲೀನರಿಗೂ ಗೊತ್ತು. ಹತ್ತೊಂಬತ್ತು ವರ್ಷದ ಮೇಷ್ಟ್ರಿಗೆ ಆಸ್ಪತ್ರೆಯಲ್ಲಿ ನಿಂತು ಕೇಳಿಸಿಕೊಂಡರೂ ಹೊಳೆಯಲಿಲ್ಲ. ಕಲ್ಲಿನ ಮೇಲಿನ ಆಯಿಲ್, ಗಾಡಿ ಬಿದ್ದಮೇಲೆ ಪೈಪು ಒಡೆದು ಚೆಲ್ಲಿದ್ದು. ಬೀಳುವ ಮೊದಲು ಬ್ರೇಕು ಸರಿಯಾಗಿಯೇ ಇತ್ತು.

ಅವಳಿಗೆ ಬ್ರೇಕ್ ಹಾಕಲು ಬರುತ್ತಿರಲಿಲ್ಲ. ಒಂದು ತಿಂಗಳು ನಾನೇ ಹಾಕಿದ್ದೆ. ಟೆಸ್ಟಿನ ದಿನವೂ ನಾನೇ.

17 ಫೆಬ್ರುವರಿ, ಶುಕ್ರವಾರ

ಊಟ ಸೇರಲಿಲ್ಲ.

18 ಫೆಬ್ರುವರಿ, ಶನಿವಾರ

ಸ್ಕೂಲಿನ ಹಳೆಯ ರಿಜಿಸ್ಟರ್ ತೆಗೆದು ಕೂತೆ. ಹೆಸರು, ಊರು, ಪಾಸಾದ ತಾರೀಕು. ಎಷ್ಟು ಜನ ಈಗ ಗಾಡಿ ಓಡಿಸುತ್ತಿದ್ದಾರೆ ಅಂತ ನೆನಪು ಮಾಡಿಕೊಂಡು ಗುರುತು ಹಾಕುತ್ತ ಹೋದೆ. ಮೂರು ಪುಟ ಮುಗಿಸುವಷ್ಟರಲ್ಲಿ ಕೈ ಬಿಟ್ಟೆ. ಪೋಸ್ಟ್ ಮಾಸ್ಟರು ಡ್ರೈವರ್ ಇಟ್ಟುಕೊಂಡಿದ್ದಾರೆ. ಬೇಕರಿಯವನು ಕಾರು ಮಾರಿದ. ಕಿಗ್ಗದ ಚಿಕ್ಕಕ್ಕ ಲೈಸೆನ್ಸನ್ನು ದೇವರ ಫೋಟೋದ ಹಿಂದೆ ಇಟ್ಟಿದ್ದಾಳಂತೆ. ಇವರೆಲ್ಲ ಪುಕ್ಕಲರು ಅಂತ ಊರ ತುಂಬ ಆಡಿಕೊಂಡು ನಕ್ಕವನು ನಾನು.

ವನಜ ಬಂದು, "ಎಂತ ಆಯ್ತು, ಹೇಳಬಾರ್ದಾ?" ಅಂದಳು. ಹೇಳಿದೆ. ಅವಳು ರಿಜಿಸ್ಟರನ್ನು ಮುಚ್ಚಿಟ್ಟು, "ಮುಸವ್ವಿರ್ ಗ್ಯಾರೇಜ್ ಮುಚ್ತಾನಂತೆ ಕಣ್ರೀ. ಶಿವಮೊಗ್ಗದಲ್ಲಿ ಯಾರದೋ ವರ್ಕ್‌ಶಾಪಿಗೆ ಸೇರ್ತಾನಂತೆ, ಮುಂದಿನ ತಿಂಗಳು" ಅಂದಳು.

ನನ್ನ ಒಂದು ಮಾತಿಗೆ.

19 ಫೆಬ್ರುವರಿ, ಭಾನುವಾರ

ಬೆಳಿಗ್ಗೆ ಎದ್ದವನು ಕಾಫಿಯನ್ನೂ ಕುಡಿಯದೆ ಎನ್.ಆರ್. ಪುರಕ್ಕೆ ಹೋದೆ. ಗುಲಾಮ್ ಹುಸೇನರ ಅಂಗಡಿ ಇನ್ನೂ ತೆಗೆದಿರಲಿಲ್ಲ. ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ ಹಿಂದಿನ ಮನೆಯ ಬಾಗಿಲು ತಟ್ಟಿದೆ.

ಎಲ್ಲರೂ ಇದ್ದರು. ಅಮೀರುನ್ನೀಸಾ ಮಂಚದ ಮೇಲೆ, ಕಾಲ ಕೆಳಗೆ ದಿಂಬು. ಗುಲಾಮ್ ಹುಸೇನರು ಕುರ್ಚಿ ಎಳೆದರು. ಕೂರಲಿಲ್ಲ. ಕೂತರೆ ಹೇಳಲಾಗುತ್ತಿರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಎಡಗಡೆಯ ಪೆಡಲು, ಸರಳು, ನನ್ನ ಕಾಲು, ಆಯಿಲ್ ನೋಡಿ ದುಡುಕಿ ಆಡಿದ ಮಾತು. ಮುಸವ್ವಿರನ ಕೆಲಸದಲ್ಲಿ ತಪ್ಪಿಲ್ಲ, ನಸ್ರೀನಳದ್ದೂ ತಪ್ಪಿಲ್ಲ, ತಪ್ಪು ನನ್ನದು ಅಂದೆ.

ಗುಲಾಮ್ ಹುಸೇನರು ಎದ್ದು ಗೋಡೆ ಕಡೆ ತಿರುಗಿ ನಿಂತರು. "ನನ್ನ ತಂಗಿ ಈ ಬಾಗಿಲಿಗೆ ಎರಡು ಸಲ ಬಂದ್ಲು ಮೇಷ್ಟ್ರೇ. ಒಳಗೆ ಕರೀಲಿಲ್ಲ ನಾನು" ಅಂದರು. ಅಷ್ಟೇ ಅಂದರು. ಅವರು ಹೊಡೆದಿದ್ದರೆ ಸುಲಭವಾಗುತ್ತಿತ್ತು.

ನಸ್ರೀನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಾಳೆ ಅಂದುಕೊಂಡಿದ್ದೆ. ಇಲ್ಲ. ಇಷ್ಟು ಸಿಟ್ಟನ್ನು ಆ ಹುಡುಗಿಯ ಮುಖದಲ್ಲಿ ಯಾವತ್ತೂ ಕಂಡಿರಲಿಲ್ಲ.

"ಎಷ್ಟು ಚೆನ್ನಾಗಿ ಓಡಿಸ್ತೀಯಮ್ಮ ಅಂತ ದಿನಾ ಹೇಳ್ತಿದ್ರಿ. ನಾನು ನಂಬಿದೆ ಸರ್. ನಂಬಿ ಅಮ್ಮೀನ ಕೂರಿಸ್ಕೊಂಡು ಹೋದೆ. ಯಾವ್ದು ನನ್ನ ಕಾಲು, ಯಾವ್ದು ನಿಮ್ಮ ಕಾಲು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕಿತ್ತು?"

ಮಂಚದಿಂದ ಅಮೀರುನ್ನೀಸಾ, "ಹಂಗಾದ್ರೆ ಅವತ್ತು ನನ್ನ ಸೊಸೆ ಮೊದಲ್ನೇ ಸಲ ಗಾಡಿ ಓಡ್ಸಿದ್ದು" ಅಂದರು. ನಗುತ್ತಿದ್ದಾರೋ ನೋವಿಗೆ ಹಲ್ಲು ಕಚ್ಚಿದ್ದಾರೋ ತಿಳಿಯಲಿಲ್ಲ. ಆಮೇಲೆ, "ಮೇಷ್ಟ್ರಿಗೆ ಚಾ ಕೊಡು" ಅಂದರು. ನಿಂತೇ ಕುಡಿದೆ.

ಅಲ್ಲಿಂದ ನೇರ ಮುಸವ್ವಿರ್ ಗ್ಯಾರೇಜಿಗೆ. ಅವನಿಗೂ ಹೇಳಿದೆ. ಅವನು ಕೂಗಾಡಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟು, "ನೀವು ಹೇಳಿದ್ದಕ್ಕೆ ಊರು ನಂಬಿದ್ದು ಇರ್ಲಿ ಮಾರಾಯ್ರೆ. ನಾನೇ ನಂಬಿದ್ದೆ" ಅಂದ. "ಎರಡು ತಿಂಗಳಿಂದ ಬೋಲ್ಟ್ ಟೈಟ್ ಮಾಡಿದ್ನಾ ಇಲ್ವಾ, ಮಾಡಿದ್ನಾ ಇಲ್ವಾ. ಒಂದು ಗಾಡಿ ಬಿಚ್ಚಿದ್ರೆ ನಾಲ್ಕು ಸಲ ನೋಡ್ತೆ. ಮಾಮಿ ಕಾಲು ಮುರಿದಿದ್ದು ನಾನೇ ಅಂತ ಇದ್ದೆ."

ನಾನು ಆ ಸ್ಟೂಲಿನ ಮೇಲೆ ಕೂತೆ. ನನ್ನ ಭಯಕ್ಕೆ ಮಹಡಿಯ ಮೇಲೆ ಸುಲೋಚನಮ್ಮ ಇದ್ದಾರೆ. ನಾನು ಅವನಿಗೆ ಅಂಟಿಸಿದ ಭಯಕ್ಕೆ ಯಾರಿದ್ದರು?

ಮನೆಗೆ ಬಂದಾಗ ವನಜ ಗೇಟಿನಲ್ಲೇ ನಿಂತಿದ್ದಳು. "ಎಲ್ಲಿ ಹೋಗಿದ್ರಿ? ಹ್ಯಾಗೆ ಹೋದ್ರಿ?"

"ಎನ್.ಆರ್. ಪುರಕ್ಕೆ. ಕಾರಲ್ಲಿ."

"ಯಾರು ಓಡಿಸಿದ್ದು?"

ಯಾರು ಅಂದರೆ? ಅಂತ ಬಾಯಿ ತೆರೆದವನು ಹಾಗೇ ನಿಂತೆ. ಬೀಗದ ಕೈ ನನ್ನ ಬೆರಳಲ್ಲಿತ್ತು. ನಸ್ರೀನ್ ಬಿದ್ದ ಆ ಇಳಿಜಾರನ್ನು ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ ದಾಟಿದ್ದೇನೆ. ದಾಟಿದ್ದು ನೆನಪೇ ಇಲ್ಲ. ಮಾರ್ಕ್ಸ್ ಹಾಕಲು ಮರೆತಿದ್ದೇನೆ.

2 ಮಾರ್ಚ್, ಗುರುವಾರ

ಸುಲೋಚನಮ್ಮನಿಗೆ ಹೇಳಿದಾಗ ಬೆನ್ನು ತಟ್ಟುತ್ತಾರೆ ಅಂದುಕೊಂಡೆ. "ಹೆದರಿಕೆ ಮತ್ತೆ ಬರಬಹುದು, ಬಂದ್ರೆ ಬರ್ಲಿ. ಮೆಟ್ಟಿಲು ಬಿಡ್ಬೇಡಿ" ಅಂದರು. ಕ್ಲಾಸು ಮತ್ತೆ ಶುರು ಮಾಡಿದ್ದೇನೆ, ಎಡಗಡೆ ಚಪ್ಪಲಿ ಕಳಚಿಟ್ಟು. ಕಾಲು ಪೆಡಲಿಗೆ ಹೋದರೆ ಬರಿಗಾಲಿಗೆ ಕಬ್ಬಿಣ ತಣ್ಣಗೆ ತಾಗುತ್ತದೆ, ಗೊತ್ತಾಗುತ್ತದೆ. ಹೋದಾಗಲೆಲ್ಲ ಶಿಷ್ಯನಿಗೆ ಹೇಳಿಬಿಡುತ್ತೇನೆ, ಇದು ನಾನು ಹಾಕಿದ್ದು, ನೀನಲ್ಲ ಅಂತ. ನಿನ್ನೆ ಒಂದು ಗಂಟೆಯಲ್ಲಿ ಹದಿನೇಳು ಸಲ ಹೇಳಿದೆ. ಶಿಷ್ಯನಿಗೂ ಬೇಸರ, ನನಗೂ ನಾಚಿಕೆ.

ಇವತ್ತು ಪೇಟೆಯಲ್ಲಿ ಜನ ಗುಂಪುಗೂಡಿ ನೋಡುತ್ತಿದ್ದರು. ಗುಲಾಮ್ ಹುಸೇನರು ಆ ಮುರಿದ ಓಮ್ನಿಯನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎನ್.ಆರ್. ಪುರದಿಂದ ಎಳೆಸಿಕೊಂಡು ಬಂದು, ಬಸ್ ಸ್ಟ್ಯಾಂಡಿನ ಮುಂದಿನಿಂದಲೇ ಮೆರವಣಿಗೆ ಮಾಡಿ, ಮುಸವ್ವಿರ್ ಗ್ಯಾರೇಜಿನ ಎದುರು ನಿಲ್ಲಿಸಿದರು. ಇಳಿದು ಅಳಿಯನ ಹೆಗಲ ಮೇಲೆ ಕೈಯಿಟ್ಟರು. ಏನೋ ಹೇಳಿದರು, ನಾನಿದ್ದ ಜಾಗಕ್ಕೆ ಕೇಳಿಸಲಿಲ್ಲ. ಮುಸವ್ವಿರ್ ಮುಖ ಒರೆಸಿಕೊಂಡು ಓಮ್ನಿಯ ಅಡಿಗೆ ನುಗ್ಗಿದ.

9 ಏಪ್ರಿಲ್, ಭಾನುವಾರ

ಬಹಳ ದಿನ ಬರೆದಿರಲಿಲ್ಲ. ಇವತ್ತಿನದ್ದನ್ನು ಬರೆದಿಡಬೇಕು.

ನಸ್ರೀನ್ ಫೋನ್ ಮಾಡಿದ್ದಳು. ಓಮ್ನಿ ರೆಡಿಯಾಗಿದೆ, ಕಲಿಸಿ ಅಂದಳು. ನಿಮ್ಮ ಗಾಡಿಯಲ್ಲಿ ಅಲ್ಲ, ನನ್ನ ಗಾಡಿಯಲ್ಲಿ ಅಂದಳು. ಹತ್ತು ದಿನ ಮೈದಾನದಲ್ಲಿ ಸುತ್ತಿದೆವು. ಬೇಕಾದಷ್ಟು ಮಾತ್ರ ಮಾತು. ಓಮ್ನಿಯ ಎಡಗಡೆ ಬರೀ ರಬ್ಬರ್ ಮ್ಯಾಟು. ಮೊದಲ ದಿನ ನನಗೆ ಎಪ್ಪತ್ತೈದು.

ಇವತ್ತು ರಸ್ತೆಗೆ. ಕೊಪ್ಪದಿಂದ ಎನ್.ಆರ್. ಪುರಕ್ಕೆ, ಅದೇ ರಸ್ತೆ. ಗ್ಯಾರೇಜಿನ ಮುಂದೆ ಓಮ್ನಿ ಹತ್ತಲು ಹೋದರೆ ಹಿಂದಿನ ಸೀಟಿನಲ್ಲಿ ಅಮೀರುನ್ನೀಸಾ, ಪಕ್ಕದಲ್ಲಿ ಊರುಗೋಲು. ನನ್ನ ಜೀವ ಹಾರಿಹೋಯಿತು. ಬೇಡಿ ಅಮ್ಮ, ಇಳಿಯಿರಿ ಅಂತ ಬೇಡಿಕೊಂಡೆ. "ನನ್ನ ಕಾಲು, ನನ್ನ ಸೊಸೆ. ನಿಮಗೆಂತ?" ಅಂದರು.

ಆ ಇಳಿಜಾರು ಬಂತು. ನೂರು. ಎರಡು ಕಾಲನ್ನೂ ಸೀಟಿನ ಬುಡಕ್ಕೆ ಒತ್ತಿ, ಒಂದು ಪಾದದಿಂದ ಇನ್ನೊಂದನ್ನು ತುಳಿದುಕೊಂಡು ಕೂತೆ. ನಾಲಿಗೆಯನ್ನೂ ಕಚ್ಚಿ ಹಿಡಿದೆ. ನಸ್ರೀನ್ ಗೇರ್ ಇಳಿಸಿದಳು, ತುಳಿದಳು. ಗಟ್ಟಿಯಾಗಿ ತುಳಿದಳು, ಅವಳ ಮೊಣಕಾಲು ಮುಂದಕ್ಕೆ ಹೋದದ್ದು ಕಂಡಿತು. ಗಾಡಿ ನಿಧಾನವಾಯಿತು, ತಿರುವು ತಿರುಗಿತು. ತಿರುವು ಮುಗಿದ ಕೂಡಲೇ ಎಡಕ್ಕೆ ತೆಗೆದು ನಿಲ್ಲಿಸಿದಳು.

"ಸರ್, ನೀವಿಲ್ಲಿ ಇಳೀರಿ."

ಇಳಿಯುವುದಾ? ಕಿವಿ ಸರಿಯಿದೆಯೋ ಇಲ್ಲವೋ ಅಂತ ಅವಳ ಮುಖ ನೋಡಿದೆ. "ಇನ್ನೂ ಎರಡು ಇಳಿಜಾರಿದೆಯಮ್ಮ, ಎದುರಿಗೆ ಬಸ್ಸಿನ ಟೈಮು" ಅಂದೆ.

"ಗೊತ್ತು ಸರ್. ನೀವು ಪಕ್ಕದಲ್ಲಿ ಇರೋಷ್ಟು ಹೊತ್ತು, ನಿಲ್ಸಿದ್ದು ನಾನಾ ನೀವಾ ಅಂತ ಅನುಮಾನ ಹೋಗಲ್ಲ ನಂಗೆ."

ಹಿಂದಿನಿಂದ ಅಮೀರುನ್ನೀಸಾ, "ಇಳೀರಿ ಮೇಷ್ಟ್ರೇ, ಬಸ್ ಸಿಗುತ್ತೆ ನಿಮಗೆ" ಅಂದರು. ಅವರು ಮಾತ್ರ ಇಳಿಯಲಿಲ್ಲ.

ಇಳಿದೆ. ಓಮ್ನಿ ಹೊರಟಿತು. ಕೆಳಗಿನ ತಿರುವಿನವರೆಗೂ ರಸ್ತೆ ಕಾಣುತ್ತದೆ. ಗಾಡಿ ವೇಗ ಹಿಡಿಯುತ್ತಿರುವಾಗಲೇ ತಿರುವಿನಿಂದ ಕೊಪ್ಪದ ಬಸ್ಸು ಮೂತಿ ತೋರಿಸಿತು, ರಸ್ತೆ ತುಂಬ ಅದೇ. "ನಸ್ರೀನ್!" ಅಂತ ಕೂಗಿದೆ. ಯಾರಿಗೆ ಕೇಳಬೇಕು? ಬಲಗಾಲು ಡಾಂಬರನ್ನು ತುಳಿಯುತ್ತಿತ್ತು, ಹಿಮ್ಮಡಿ ನೋಯುವಷ್ಟು. ಓಮ್ನಿಯ ಹಿಂದೆ ಎರಡು ಕೆಂಪು ದೀಪ ಹತ್ತಿದವು. ಗಾಡಿ ಎಡಕ್ಕೆ ಸರಿದು ನಿಂತಿತು. ಬಸ್ಸು ದಾಟಿ ಬಂತು. ಕೆಂಪು ದೀಪ ಆರಿತು, ಓಮ್ನಿ ತಿರುವು ತಿರುಗಿ ಹೋಯಿತು.

ಬಸ್ಸಿಗೆ ಕೈ ಮಾಡಿ ಹತ್ತಿದೆ. ಮುಂದಿನ ಸೀಟೇ ಸಿಕ್ಕಿತು. ಕಣ್ಣು ಒರೆಸಿಕೊಳ್ಳುವುದನ್ನು ಡ್ರೈವರು ಕನ್ನಡಿಯಲ್ಲಿ ನೋಡಿದನೋ ಏನೋ, ಸ್ವಲ್ಪ ದೂರ ಹೋದಮೇಲೆ ಕೇಳಿದ.

"ಆ ಓಮ್ನಿ ಹೆಂಗಸು ಯಾರು ಮೇಷ್ಟ್ರೇ? ಒಳ್ಳೆ ಟೈಮಿಗೆ ಸೈಡಿಗೆ ಹಾಕಿದ್ರು ಮಾರಾಯ್ರೆ. ನಿಮ್ಮ ಹತ್ರ ಕಲ್ತಿದ್ದಾ?"

"ಅಲ್ಲ" ಅಂದೆ.